ಅಪ್‌ಡೇಟ್: ಯಾದಗಿರಿಯಲ್ಲಿ ಮಕ್ಕಳ ಪರ ಸ್ವಯಂಸೇವಕರ ತಂಡ

ದೌರ್ಜನ್ಯ ಮತ್ತು ನಿರ್ಲಕ್ಷ್ಯಕ್ಕೆ ಒಳಗಾದ ಮಕ್ಕಳ ಪರವಾಗಿ ನಿಲ್ಲುವ ಸ್ವಯಂಸೇವಕರ ತಂಡವನ್ನು ಯಾದಗಿರಿಯಲ್ಲಿ ಕಟ್ಟುವುದು ಹೇಗೆಂದು ಈ ಹಿಂದೆ ಕೇಳಿದ್ದೆ. 1977ರಲ್ಲಿ ಅಮೆರಿಕದ ಸಿಯಾಟಲ್‌ನ ನ್ಯಾಯಾಧೀಶ ಡೇವಿಡ್ ಸೂಕಪ್ ಆರಂಭಿಸಿದ, ತರಬೇತಿ ಪಡೆದ ನಾಗರಿಕರೇ ಮಗುವಿನ ಹಿತವನ್ನು ನ್ಯಾಯಾಲಯದ ಮುಂದಿಡುವ ವ್ಯವಸ್ಥೆ ಆಗ ನನ್ನ ಮನಸ್ಸಿನಲ್ಲಿತ್ತು. ನಮ್ಮ ಕಾನೂನಿನೊಳಗೇ ದಾರಿಯಿದೆ ಎಂದು ನಿಮ್ಮಲ್ಲಿ ಕೆಲವರು ಸೂಚಿಸಿದ್ದು ಬಹಳ ಉಪಯೋಗಕ್ಕೆ ಬಂತು.

ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಪೋಕ್ಸೊ ಕಾಯ್ದೆಯ 2020ರ ನಿಯಮಗಳ ಪ್ರಕಾರ, ಮಗು ಹಾಗೂ ಪೋಷಕರ ಒಪ್ಪಿಗೆ ಪಡೆದು, ತನಿಖೆ ಮತ್ತು ವಿಚಾರಣೆಯುದ್ದಕ್ಕೂ ಮಗುವಿನ ಜೊತೆಗಿರಲು ಮಕ್ಕಳ ಕಲ್ಯಾಣ ಸಮಿತಿಯು ಬೆಂಬಲ ವ್ಯಕ್ತಿಯನ್ನು ಒದಗಿಸಬಹುದು. ಹಾಗಾಗಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಸಲ್ಲಿಸಿ, ಪೊಲೀಸ್ ಪರಿಶೀಲನೆಗೆ ಒಪ್ಪಿದವರನ್ನಷ್ಟೇ ಸೇರಿಸಿಕೊಂಡಿದ್ದೇವೆ. ಉತ್ಸಾಹದಿಂದ ಬಂದಿದ್ದ ಕೆಲವರು ಈ ಮಾತು ಕೇಳಿದೊಡನೆ ಹಿಂದೆ ಸರಿದರು, ಒಳ್ಳೆಯದೇ ಆಯಿತು.

ತರಬೇತಿಯ ಅಣಕು ಭೇಟಿಯೊಂದರಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು "ಏನಾತವ್ವಾ, ಹೇಳು" ಎಂದು ಮತ್ತೆ ಮತ್ತೆ ಕೇಳತೊಡಗಿದಾಗ ತರಬೇತಿ ನೀಡುತ್ತಿದ್ದ ವಕೀಲರು ತಡೆದರು. ನಡೆದದ್ದನ್ನು ಕೆದಕುವುದು ನಮ್ಮ ಕೆಲಸವಲ್ಲ; ಮುಂದಿನ ವಿಚಾರಣೆ ಯಾವಾಗ, ಅಲ್ಲಿ ಯಾರಿರುತ್ತಾರೆ, ಆರೋಪಿ ಮಗುವಿನ ಕಣ್ಣೆದುರು ಬಾರದಂತೆ ಏನು ಏರ್ಪಾಡಿದೆ ಎಂಬುದನ್ನು ಅದಕ್ಕೆ ತಿಳಿಯುವ ಮಾತಿನಲ್ಲಿ ಹೇಳುವುದೇ ನಮ್ಮ ಕೆಲಸ.

ನಿರ್ಲಕ್ಷ್ಯದ ಪ್ರಕರಣಗಳು ಇದಕ್ಕಿಂತ ತೊಡಕಿನವು. ತಂದೆತಾಯಿ ಗುಳೆ ಹೋಗಿ, ತಾಂಡಾದಲ್ಲಿ ಅಜ್ಜಿಯ ಬಳಿ ಉಳಿದ ಮಗು ಬಡತನದಲ್ಲಿದೆ ಎಂದಮಾತ್ರಕ್ಕೆ ಅದನ್ನು ನಿರ್ಲಕ್ಷಿತ ಮಗುವೆಂದು ವರದಿ ಮಾಡುವುದು ಅನ್ಯಾಯ. ನಿಜವಾದ ಅಪಾಯ ಕಂಡಲ್ಲಿ ಮಾತ್ರ ತಡಮಾಡದೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುತ್ತೇವೆ.

ಸದ್ಯ ಲಂಬಾಣಿ ಮತ್ತು ತೆಲುಗು ಬಲ್ಲ ಮಹಿಳಾ ಸ್ವಯಂಸೇವಕರ ಕೊರತೆಯಿದೆ. ಗುರುಮಠಕಲ್ ಕಡೆಯವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.