ಸಹಾಯ ಬೇಕು: ಅಮೆರಿಕದ 'ಗ್ರೀನ್ ಮೈಲ್' ಡಿವಿಡಿ ಇಲ್ಲಿ ಓಡ್ತಿಲ್ಲ

ಎಲ್ಲರಿಗೂ ನಮಸ್ಕಾರ. 1999ರ 'ದಿ ಗ್ರೀನ್ ಮೈಲ್' ಡಿವಿಡಿಯನ್ನು ಭಾವ ಅಮೆರಿಕದಿಂದ ತಂದುಕೊಟ್ಟರು. ಮರಣದಂಡನೆಯ ಕೈದಿಗಳ ಜೈಲಿನಲ್ಲಿ, ಬೂಟಿನಡಿ ಜಜ್ಜಿಹೋದ ಇಲಿಯನ್ನು ಕೈದಿ ಜಾನ್ ಕಾಫಿ ಬೊಗಸೆಯಲ್ಲಿಟ್ಟು ಬದುಕಿಸ್ತಾನಲ್ಲ, ಅದನ್ನು ಅಮ್ಮನಿಗೆ ತೋರಿಸಬೇಕು. ಮೂರು ಗಂಟೆ ಮೀರಿದ ಸಿನಿಮಾ, ಆದ್ರೂ ಅಮ್ಮ ಕೂರ್ತಾರೆ!

ಪ್ಲೇಯರ್ ಮಾತ್ರ ಡಿಸ್ಕನ್ನು ಸ್ವಲ್ಪ ತಿರುಗಿಸಿ 'ರೀಜನ್ ಎರರ್' ಅನ್ನುತ್ತದೆ. ಒರೆಸಿ ನೋಡಿದೆ, ಪಕ್ಕದ ಮನೆಯ ಪ್ಲೇಯರ್‌ಗೂ ಹಾಕಿದೆ, ಅದೇ ಕಥೆ. ಡಿಸ್ಕ್ ಯಾವ ಪ್ರದೇಶದಲ್ಲಿ ಓಡಬೇಕು ಅನ್ನೋದಕ್ಕೆ ರೀಜನ್ ಅಂತ ಒಂದು ಸಂಖ್ಯೆ ಇರುತ್ತೆ: ಅಮೆರಿಕದ್ದು ರೀಜನ್ 1, ನಮ್ಮದು 5. ಕಂಪ್ಯೂಟರ್ ಡ್ರೈವ್‌ನಲ್ಲಿ ರೀಜನ್ ಬದಲಿಸಬಹುದು, ಆದರೆ 5 ಸಲ ಮಾತ್ರ. ಆಮೇಲೆ ಕೊನೆಗೆ ಇಟ್ಟಲ್ಲೇ ಲಾಕ್. ನನ್ನ ಕನ್ನಡ ಡಿವಿಡಿಗಳಲ್ಲಿ ಕೆಲವಕ್ಕೆ 'ಆಲ್' (ಎಲ್ಲ ರೀಜನ್) ಅಂತಿದೆ, ಕೆಲವಕ್ಕೆ 5.

ಡ್ರೈವ್‌ನ ರೀಜನ್ ಮುಟ್ಟದೆ, ಕಂಪ್ಯೂಟರ್‌ನ ವಿಡಿಯೋ ಸಾಫ್ಟ್‌ವೇರ್ ವಿಎಲ್‌ಸಿಯಲ್ಲೇ ರೀಜನ್ 1ರ ಡಿಸ್ಕ್ ಯಾರಾದ್ರೂ ಓಡಿಸಿದ್ದೀರಾ? ಹೇಗೆ?