ಪುರಸಭೆಯ ಹಣ ಮಳಿಗೆಗೋ, ಸಂತೆ ಮೈದಾನಕ್ಕೋ?

ಪ್ರಶ್ನೆ:
ಬಯಲುಸೀಮೆಯ ನಮ್ಮ ಪುರಸಭೆಯು ಬಸ್ ನಿಲ್ದಾಣದ ಪಕ್ಕದಲ್ಲಿ ಮತ್ತೊಂದು ವಾಣಿಜ್ಯ ಸಂಕೀರ್ಣ ಕಟ್ಟಿಸಲು ಹೊರಟಿದೆ. ಹಳೆಯ ಸಂಕೀರ್ಣದ ಮೇಲ್ಮಹಡಿಯ ಮಳಿಗೆಗಳನ್ನು ಹರಾಜಿನಲ್ಲಿ ಯಾರೂ ಕೂಗದೆ, ಷಟರ್‌ಗಳು ತುಕ್ಕು ಹಿಡಿದಿವೆ. ಮಂಗಳವಾರದ ಸಂತೆಗೆ ಸುತ್ತಲಿನ ಹಳ್ಳಿಗಳೆಲ್ಲ ಬರುತ್ತವೆ. ಆದರೆ ಒಂದು ಮಳೆ ಬಿದ್ದರೆ ಮೈದಾನ ಕೆಸರಾಗಿ, ಸೊಪ್ಪಿನವರು ಗೋಣಿಚೀಲ ಹಾಸಿಕೊಂಡು ರಸ್ತೆಯಂಚಿನಲ್ಲಿ ಕೂರಬೇಕಾಗುತ್ತದೆ. ಊರಿನ ಆರ್ಥಿಕ ಅಭಿವೃದ್ಧಿ ನಿಜಕ್ಕೂ ಪುರಸಭೆಯ ಹೊಣೆಯೇ? ಹೌದಾದರೆ ಎಲ್ಲಿಂದ ಆರಂಭಿಸುವಂತೆ ನಾವು ಕೇಳಬೇಕು?

ಉತ್ತರ 1:
ಹೊಣೆ ಹೌದು ಸರ್. ಸಂವಿಧಾನದ 74ನೇ ತಿದ್ದುಪಡಿಯಿಂದ ಬಂದ, ನಗರಾಡಳಿತ ಸಂಸ್ಥೆಗಳ ಕೆಲಸಗಳ ಪಟ್ಟಿಯಾದ 12ನೇ ಅನುಸೂಚಿಯ 18 ವಿಷಯಗಳಲ್ಲಿ ಆರ್ಥಿಕ ಮತ್ತು ಸಾಮಾಜಿಕ ಅಭಿವೃದ್ಧಿಯ ಯೋಜನೆ ಮೂರನೆಯದು. ತಮ್ಮ ಕೈಗೆ ಹೆಚ್ಚು ಬಲ ಕೊಡುವುದು 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ. ಅದರ ಪ್ರಕಾರ ಬೀದಿಬದಿ ವ್ಯಾಪಾರದ ವಿಷಯ ನೋಡಿಕೊಳ್ಳುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಮಂದಿ ವ್ಯಾಪಾರಿಗಳೇ ಚುನಾಯಿಸಿದ ಪ್ರತಿನಿಧಿಗಳಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಾಗಿರಬೇಕು. ಕನಿಷ್ಠ ಐದು ವರ್ಷಕ್ಕೊಮ್ಮೆ ವ್ಯಾಪಾರಿಗಳ ಸಮೀಕ್ಷೆಯೂ ಆಗಬೇಕು. ಆ ಸಮಿತಿ ಕೊನೆಯ ಬಾರಿ ಸೇರಿದ್ದು ಯಾವಾಗ ಎಂದು ಮುಖ್ಯಾಧಿಕಾರಿಗಳಿಗೆ ಅರ್ಜಿ ಕೊಟ್ಟು, ನಡಾವಳಿಯ ಪ್ರತಿ ಕೇಳಿ.

ಉತ್ತರ 2:
ನನ್ನ ತಾಯಿ ಇಪ್ಪತ್ತು ವರ್ಷ ಸಂತೆಯಲ್ಲಿ ಬಳೆ ಮಾರಿದವರು. ಬೆಳಿಗ್ಗೆ ಸಾಲವಾಗಿ ಒಂಬೈನೂರು ರೂಪಾಯಿ ಕೈಗೆ ಬಂದರೆ ಸಂಜೆ ಸಾವಿರ ಎಣಿಸಿ ಕೊಡಬೇಕಿತ್ತು, ವ್ಯಾಪಾರವಾದರೂ ಆಗದಿದ್ದರೂ. 2020ರಲ್ಲಿ ಬೀದಿಬದಿ ವ್ಯಾಪಾರಿಗಳಿಗಾಗಿ ಕೇಂದ್ರದ ಸಾಲ ಯೋಜನೆ ಪಿಎಂ ಸ್ವನಿಧಿ ಆರಂಭವಾದಾಗ ಅಡಮಾನವಿಲ್ಲದೆ 10,000 ರೂಪಾಯಿವರೆಗೆ ಬ್ಯಾಂಕ್ ಸಾಲ ಸಿಗುವಂತಾಯಿತು. ಅದಕ್ಕೆ ಬೇಕಾಗಿದ್ದದ್ದು ಸ್ಥಳೀಯ ಸಂಸ್ಥೆಯ ಗುರುತಿನ ಚೀಟಿ ಇಲ್ಲವೇ ಶಿಫಾರಸು ಪತ್ರ. ಆ ಒಂದು ಕಾಗದವನ್ನು ಅಲೆಸದೆ ಕೊಡುವ ಪುರಸಭೆ ಎಷ್ಟೋ ಮನೆಗಳನ್ನು ದಿನಬಡ್ಡಿಯಿಂದ ಬಿಡಿಸಬಲ್ಲದು. ಇನ್ನೊಂದು ಮಾತು: ಸಂತೆಯಲ್ಲಿ ಶೌಚಾಲಯವಿಲ್ಲದ ಕಾರಣ ಅಮ್ಮ ಮಂಗಳವಾರ ಮನೆಗೆ ಮರಳುವವರೆಗೆ ನೀರೇ ಕುಡಿಯುತ್ತಿರಲಿಲ್ಲ. ಮಳಿಗೆಯ ನಕ್ಷೆ ಬರೆಯುವವರು ದಯವಿಟ್ಟು ಇದನ್ನು ಮೊದಲು ಬರೆಯಲಿ.

ಉತ್ತರ 3:
ಮಳಿಗೆ ಬಾಡಿಗೆ ಪುರಸಭೆಯ ಸ್ವಂತ ಆದಾಯ, ಅದನ್ನು ತಳ್ಳಿಹಾಕಲಾಗದು. ಆದರೆ ಖಾಲಿ ಮಳಿಗೆಯಿಂದ ಬಾಡಿಗೆ ಬರುವುದಿಲ್ಲ, ನಿರ್ವಹಣೆಯ ಖರ್ಚು ಮಾತ್ರ ಉಳಿಯುತ್ತದೆ. ಸಂತೆಯ ನೆಲಬಾಡಿಗೆ ವಸೂಲಿಯನ್ನು ಗುತ್ತಿಗೆಗೆ ಕೊಟ್ಟಿದ್ದರೆ, ನಿಗದಿತ ದರದ ಫಲಕವನ್ನು ಮೈದಾನದ ಬಾಗಿಲಲ್ಲೇ ಹಾಕಿಸಿ, ಪ್ರತಿಯೊಬ್ಬರಿಗೂ ರಸೀದಿ ಕೊಡುವಂತೆ ಒತ್ತಾಯಿಸಿ.

ಪ್ರಶ್ನೆ ಕೇಳಿದವರು:
ಮೂವರಿಗೂ ವಂದನೆಗಳು. ಸೋಮವಾರ ನಡಾವಳಿಗೆ ಅರ್ಜಿ ಕೊಡುತ್ತೇವೆ. ಅರ್ಜಿಗೆ ಸೊಪ್ಪಿನವರ ಸಹಿಯನ್ನೂ ಹಾಕಿಸುತ್ತೇವೆ. ಮೇಡಂ ಹೇಳಿದ ಶೌಚಾಲಯವೇ ಅದರ ಮೊದಲ ಬೇಡಿಕೆ.