ಚೇಂಬರ್ ಮ್ಯೂಸಿಕ್ ಅಂದರೆ ಕೋಣೆ ಸಂಗೀತವೇ?

ಎಲ್ಲರಿಗೂ ನಮಸ್ಕಾರ. ಒಂದೆರಡು ಪದಗಳಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ, ಸ್ವಲ್ಪ ಬಿಡಿಸಿಕೊಡಿ.

ನಾನಿರುವುದು ಡೊಂಬಿವಲಿಯಲ್ಲಿ, ಊರು ಕುಂದಾಪುರದ ಕಡೆ. ಮುಲುಂಡಿನಲ್ಲಿ ನನಗೊಬ್ಬ ಗೆಳೆಯನಿದ್ದಾನೆ. ಹುಟ್ಟಿ ಬೆಳೆದದ್ದು ಮುಂಬಯಿಯಲ್ಲೇ, ತಾಯಿ ಧಾರವಾಡದವರು. ಚಿಕ್ಕಂದಿನಲ್ಲಿ ಬಾಂದ್ರಾದ ಒಬ್ಬ ಗೋವಾ ಸರ್ ಹತ್ತಿರ ಪಿಟೀಲು ಕಲಿತ, ಆಮೇಲೆ ತಾನೇ ಸಂಗೀತ ಬರೆಯಲು ಶುರು ಮಾಡಿದ. ಪಾಶ್ಚಾತ್ಯ ಶಾಸ್ತ್ರೀಯ, ಆದರೆ ಈ ಕಾಲದ್ದು. ಈಗ ತನ್ನವೇ ಮೂರು ಕೃತಿಗಳ ಆಲ್ಬಂ ತರುತ್ತಿದ್ದಾನೆ. ಒಂದು ಸ್ಟ್ರಿಂಗ್ ಕ್ವಾರ್ಟೆಟ್ (ನಾಲ್ಕು ತಂತಿವಾದ್ಯಗಳದ್ದು), ಒಂದು ಕ್ಲಾರಿನೆಟ್, ವಿಯೋಲಾ, ಪಿಯಾನೋ ಸೇರಿದ್ದು, ಇನ್ನೊಂದು ಬರೀ ಚೆಲ್ಲೋ. ಜೊತೆಗೆ ಬರುವ ಪುಟ್ಟ ಪುಸ್ತಕದಲ್ಲಿ ಎರಡು ಪುಟ ಕನ್ನಡವೂ ಇರಬೇಕಂತೆ. 'ಅವ್ವ ಓದಬೇಕು, ಅಷ್ಟೇ' ಅಂದ. ಅವನಿಗೆ ಕನ್ನಡ ಮಾತಾಡಲು ಬರುತ್ತದೆ, ಬರೆಯಲು ಬರುವುದಿಲ್ಲ. ಕೆಲಸ ನನ್ನ ಕೊರಳಿಗೆ ಬಿತ್ತು.

ಮೊದಲ ಸಾಲಿನಲ್ಲೇ ಎಡವಿದೆ. ಕೆಲವೇ ಜನ ಒಬ್ಬೊಬ್ಬರೂ ಒಂದೊಂದು ವಾದ್ಯ ಹಿಡಿದು ನುಡಿಸುವ ಇಂಥ ಪಾಶ್ಚಾತ್ಯ ಸಂಗೀತಕ್ಕೆ ಚೇಂಬರ್ ಮ್ಯೂಸಿಕ್ ಅನ್ನುತ್ತಾರೆ. 'ಇದು ಚೇಂಬರ್ ಮ್ಯೂಸಿಕ್ ಆಲ್ಬಂ' ಎಂದು ಹಾಗೇ ಬಿಟ್ಟುಬಿಡೋಣ ಅಂದುಕೊಂಡೆ. ಅದೇ ದಿನ ನಮ್ಮ ಸೊಸೈಟಿಯ ಬೋರ್ಡಿನಲ್ಲಿ ನೋಟಿಸು: ಬಿ ವಿಂಗ್ ಹಿಂದಿನ ಚೇಂಬರ್ ಕಟ್ಟಿಕೊಂಡಿದೆ, ನೀರು ಉಕ್ಕುತ್ತಿದೆ, ಎಲ್ಲರೂ ಸಹಕರಿಸಿ. ಮುಂಬಯಿಯ ಬಿಲ್ಡಿಂಗುಗಳಲ್ಲಿ ಇರುವವರಿಗೆ ಚೇಂಬರ್ ಅಂದರೆ ಮೊದಲು ನೆನಪಾಗುವುದು ಗಟಾರದ ಗುಂಡಿ, ಮೂಗು ಮುಚ್ಚಿಕೊಳ್ಳುವುದು. ಅದು ಬಿಟ್ಟರೆ ವಕೀಲರ ಚೇಂಬರ್, ಬೆಂಗಳೂರಿನವರಿಗೆ ಫಿಲಂ ಚೇಂಬರ್. ಸಂಗೀತ ಎಲ್ಲೂ ಇಲ್ಲ.

ಸರಿ, ಅಕ್ಷರಶಃ 'ಕೋಣೆ ಸಂಗೀತ' ಎಂದು ಬರೆದು ಅವ್ವನಿಗೆ ಓದಿ ಹೇಳಿದೆ. ಅವರಿಗೆ ಕಿವಿ ಸ್ವಲ್ಪ ಮಂದ. 'ಏನಂದಿ? ಕ್ವಾಣನ ಸಂಗೀತಾ?' ಅಂದರು. ನಾನು ಜೋರಾಗಿ ಇನ್ನೊಮ್ಮೆ ಹೇಳಿದೆ. ಅವರು ಮಗನ ಕಡೆ ನೋಡಿ, 'ಕ್ವಾಣನ ಮುಂದ ಕಿನ್ನರಿ ಬಾರಿಸಿದಂಗ ಅಂತಾರಲ್ಲಪಾ, ಅದನ್ನ ಹೆಸರಿಟ್ಟೀಯೇನು?' ಎಂದು ಕೇಳಿದರು. ಅವನು ನಕ್ಕೂ ನಕ್ಕೂ ಸುಸ್ತಾದ. ಅಲ್ಲಿಗೆ ಕೋಣೆ ಸಂಗೀತ ಮುಗಿಯಿತು. 'ಕೊಠಡಿ ಸಂಗೀತ'ವನ್ನು ನಾನೇ ಹೊಡೆದುಹಾಕಿದೆ, ಆಸ್ಪತ್ರೆಯ ರೂಂ ನಂಬರಿನ ಹಾಗೆ ಕೇಳುತ್ತದೆ.

ಪದದ ಮೂಲವಂತೂ ಕೋಣೆಯೇ. ಇಟಾಲಿಯನ್ನಿನಲ್ಲಿ 'ಮೂಸಿಕಾ ದಾ ಕಾಮೆರಾ'. ಆ ಕಾಮೆರಾ ಲ್ಯಾಟಿನ್ನಿನಿಂದ ಬಂದದ್ದು, ಕಮಾನು ಚಾವಣಿಯ ಕೋಣೆ. ಅದೇ ಪದ ಪೋರ್ಚುಗೀಸರ ಹಡಗು ಹತ್ತಿ ಬಂದು ಹಿಂದಿಯಲ್ಲಿ 'ಕಮರಾ' ಆಯಿತು, ನಮ್ಮ ಕಡೆ ಜನೇಲು, ಚಾವಿ ಬಂದ ಹಾಗೆಯೇ. ಫೋಟೋ ತೆಗೆಯುವ ಕ್ಯಾಮರಾ ಕೂಡ ಮೂಲದಲ್ಲಿ 'ಕತ್ತಲೆ ಕೋಣೆ'. ಕೋರ್ಟಿನ 'ಇನ್ ಕ್ಯಾಮರಾ' ವಿಚಾರಣೆ ಅಂದರೆ ಬಾಗಿಲು ಮುಚ್ಚಿ ನಡೆಸುವುದು, ವಿಡಿಯೋ ಮಾಡುವುದಲ್ಲ. ಇದನ್ನು ತಪ್ಪು ತಿಳಿದ ಪೇಪರ್ ಓದುಗರು ನಮ್ಮಲ್ಲಿ ಕಡಿಮೆಯೇನಿಲ್ಲ, ನಾನೂ ಒಬ್ಬನಾಗಿದ್ದೆ.

ಆದರೆ ಆ ಕೋಣೆಯ ಅರ್ಥ ನಾಲ್ಕು ಗೋಡೆ ಅಲ್ಲ. 17ನೇ ಶತಮಾನದಲ್ಲಿ ಇಟಲಿಯವರು ಸಂಗೀತವನ್ನು ನುಡಿಸುವ ಜಾಗ ನೋಡಿ ವಿಂಗಡಿಸುತ್ತಿದ್ದರು. ಇಗರ್ಜಿಗೆ ಒಂದು, ನಾಟಕಶಾಲೆಗೆ ಒಂದು, ಮನೆ ಅರಮನೆಗಳ ಒಳಕೋಣೆಗೆ ಒಂದು. ಅಲ್ಲಿನ ಸಂಗೀತ ರಚನೆಕಾರ ಕೊರೆಲ್ಲಿ ತನ್ನ ಸೊನಾಟಾಗಳನ್ನೇ (ವಾದ್ಯಕ್ಕೆಂದೇ ಬರೆದ ಕೃತಿಗಳು) ಇಗರ್ಜಿಯವು, ಕೋಣೆಯವು ಎಂದು ಬೇರೆ ಬೇರೆ ಅಚ್ಚು ಹಾಕಿಸಿದ. ಅಂದರೆ ಕೋಣೆ ಎಂದರೆ 'ದೇವಸ್ಥಾನದ್ದಲ್ಲ, ರಂಗಸ್ಥಳದ್ದಲ್ಲ, ಮನೆಯಲ್ಲಿ ಹತ್ತಿರ ಕೂತು ಕೇಳುವುದು' ಅಂತ. ಹಾಗಾದರೆ ನಮ್ಮಲ್ಲಿ ಇದಕ್ಕೆ ಹೆಸರಿಲ್ಲದೆ ಇರುತ್ತದೆಯೇ?

ಅವ್ವ ತಕ್ಷಣ ಹೇಳಿದ್ದು 'ಬೈಠಕ್'. ಧಾರವಾಡ, ಕುಂದಗೋಳ, ಪುಣೆ ಎಲ್ಲ ಒಂದೇ ಓಣಿ ಅನ್ನುವ ಹಾಗೆ ಮಾತಾಡುತ್ತಾರೆ ಅವರು. ತಪ್ಪೂ ಅಲ್ಲ. ಕುಂದಗೋಳದ ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಹೆಸರಿನ ಉತ್ಸವವನ್ನು 1953ರಲ್ಲಿ ಪುಣೆಯಲ್ಲಿ ಶುರು ಮಾಡಿದ್ದು ಗದಗಿನ ಭೀಮಸೇನ ಜೋಶಿಯವರು ತಾನೇ. ಬೈಠಕ್ ಒಳ್ಳೆಯ ಪದ, ಎಲ್ಲರಿಗೂ ಗೊತ್ತು. ಗೆಳೆಯ ಮಾತ್ರ ತಲೆ ಅಲ್ಲಾಡಿಸಿದ. ಬೈಠಕ್ಕಿನಲ್ಲಿ ಒಬ್ಬರು ಹಾಡುತ್ತಾರೆ, ತಬಲಾ ಪೇಟಿ ಸಾಥ್ ಕೊಡುತ್ತವೆ. ಕ್ವಾರ್ಟೆಟ್‌ನಲ್ಲಿ ಪಕ್ಕವಾದ್ಯವೇ ಇಲ್ಲ. ಎರಡು ಪಿಟೀಲು, ಅದಕ್ಕಿಂತ ಸ್ವಲ್ಪ ದೊಡ್ಡದಾದ ವಿಯೋಲಾ, ಕಾಲ ನಡುವೆ ಇಟ್ಟುಕೊಂಡು ನುಡಿಸುವ ಚೆಲ್ಲೋ. ನಾಲ್ವರೂ ಸಮಾನರು, ತಾಳ ಹಾಕುವವರಾಗಲಿ ಕೋಲು ಹಿಡಿದು ನಿಲ್ಲುವವರಾಗಲಿ ಇಲ್ಲ. ಎರಡನೇ ಪಿಟೀಲು ಅಂದರೆ ಎರಡನೇ ದರ್ಜೆ ಅಲ್ಲ. ಇದನ್ನು ಕೇಳುವುದೆಂದರೆ ತಿಳಿವಳಿಕೆ ಇರುವ ನಾಲ್ವರ ಮಾತುಕತೆ ಕೇಳಿದ ಹಾಗೆ ಎಂದು ಜರ್ಮನ್ ಕವಿ ಗಯಟೆ 1829ರಲ್ಲಿ ಗೆಳೆಯನಿಗೆ ಬರೆದಿದ್ದ.

ಮಾತುಕತೆ ಎಂದ ಕೂಡಲೇ ನನಗೆ ನೆನಪಾದದ್ದು ನಮ್ಮ ಯಕ್ಷಗಾನದ ತಾಳಮದ್ದಳೆ! ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ಅರ್ಥ ಹೇಳುವುದು, ಒಬ್ಬರ ಮಾತಿಗೆ ಇನ್ನೊಬ್ಬರು ಅಲ್ಲೇ ಜವಾಬು. ಬಯಲಾಟಕ್ಕೂ ತಾಳಮದ್ದಳೆಗೂ ಇರುವ ವ್ಯತ್ಯಾಸವೇ ದೊಡ್ಡ ಆರ್ಕೆಸ್ಟ್ರಾಗೂ ಕ್ವಾರ್ಟೆಟ್‌ಗೂ ಇರುವುದು. (ಆರ್ಕೆಸ್ಟ್ರಾ ಅಂದರೂ ಕಷ್ಟ, ನಮ್ಮವರಿಗೆ ಅದು ಗಣೇಶೋತ್ಸವದ ಸಿನಿಮಾ ಹಾಡಿನ ಪಾರ್ಟಿ. ಪಿಟೀಲುಗಾರ ಮೆಹ್ಲಿ ಮೆಹ್ತಾ 1935ರಲ್ಲಿ ಇದೇ ಊರಲ್ಲಿ ಸಿಂಫನಿ ಆರ್ಕೆಸ್ಟ್ರಾ ಕಟ್ಟಿದ್ದರು ಅಂದರೂ ನಂಬುವುದಿಲ್ಲ.) ಅಲ್ಲಿಂದ ಇನ್ನೊಂದು ಪದ ಹೊಳೆಯಿತು, 'ಚಿಕ್ಕಮೇಳ'. ಕರಾವಳಿಯವರಿಗೆ ಗೊತ್ತಿರುತ್ತದೆ. ಪತ್ತನಾಜೆಗೆ, ಅಂದರೆ ಮಳೆಗಾಲದ ಮುಂಚೆ ಬರುವ ತುಳುನಾಡಿನ ಕಟ್ಟಳೆಯ ದಿನಕ್ಕೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದಲ್ಲಿ ಭಾಗವತರು, ಮದ್ದಳೆಯವರು, ಒಂದೆರಡು ವೇಷ ಸೇರಿ ಸಂಜೆ ಮನೆ ಮನೆಗೆ ಬರುತ್ತಾರೆ. ಚಾವಡಿಯಲ್ಲಿ ದೀಪ ಹಚ್ಚಿಟ್ಟು ಕೂತರೆ ಕಾಲು ಗಂಟೆ ಆಟ. ವೇಷದ ಗೆಜ್ಜೆ ನಮ್ಮ ಮೊಣಕಾಲಿಗೆ ತಾಗುವಷ್ಟು ಹತ್ತಿರ. ಮನೆಯೊಳಗಿನ ಸಣ್ಣ ತಂಡಕ್ಕೆ ಇದಕ್ಕಿಂತ ಒಳ್ಳೆಯ ಪದ ಯಾವುದಿದೆ ಹೇಳಿ. ನನ್ನ ಓಟು ಇದಕ್ಕೇ. ತೊಂದರೆ ಏನೆಂದರೆ ಧಾರವಾಡದ ಅವ್ವನಿಗೆ ಅದು ಗೊತ್ತೇ ಇಲ್ಲ, ಅವರಿಗೋಸ್ಕರವೇ ಬರೆಯುತ್ತಿರುವುದು!

ಎರಡನೇ ತಕರಾರು 'ಕಂಪೋಸರ್'. 'ಸಂಗೀತ ನಿರ್ದೇಶಕ' ಅಂದರೆ ಸಿನಿಮಾ. 'ಸಂಗೀತಗಾರ' ಅಂದರೆ ಹಾಡುವವರು ನುಡಿಸುವವರು. 'ರಾಗ ಸಂಯೋಜಕ' ಅಂದರೆ ಯಾರದೋ ಕವಿತೆಗೆ ಧಾಟಿ ಹಾಕಿದವರು. ಒಬ್ಬ ಹಿರಿಯರು 'ವಾಗ್ಗೇಯಕಾರ' ಅನ್ನಿ, ಎಷ್ಟು ಗೌರವದ ಪದ ಅಂದರು. ಗೌರವದ್ದೇ, ಆದರೆ ಇಲ್ಲಿ ಹೊಂದುವುದಿಲ್ಲ. 13ನೇ ಶತಮಾನದ ಶಾರ್ಙ್ಗದೇವನ ಸಂಗೀತರತ್ನಾಕರದಲ್ಲಿ ವಾಕ್ಕಿಗೆ (ಹಾಡಿನ ಸಾಹಿತ್ಯಕ್ಕೆ) 'ಮಾತು', ಗೇಯಕ್ಕೆ (ಹಾಡುವ ಧಾಟಿಗೆ) 'ಧಾತು' ಎಂದಿದೆ. ಎರಡನ್ನೂ ಮಾಡಬಲ್ಲವನು ವಾಗ್ಗೇಯಕಾರ. ಪುರಂದರದಾಸರಿಗೆ, ತ್ಯಾಗರಾಜರಿಗೆ ಸರಿ. ನನ್ನ ಗೆಳೆಯನ ಆಲ್ಬಮ್ಮಿನಲ್ಲಿ ಒಂದೇ ಒಂದು ಮಾತಿಲ್ಲ, ಪೂರ್ತಿ ಧಾತು. (ಆ ಸಂಸ್ಕೃತದ 'ಮಾತು' ನಮ್ಮ ಮಾತಿನ ಹಾಗೇ ಕೇಳುವುದು ಮಜವಾಗಿದೆ ಅಲ್ವಾ.) ಸದ್ಯಕ್ಕೆ 'ಸಂಗೀತ ರಚನೆ' ಎಂದು ಬರೆದು ಮುಂದೆ ಅವನ ಹೆಸರು ಹಾಕಿದ್ದೇನೆ, ಆಸಾಮಿಗೆ ಪದ ಬೇಕಾಗಲೇ ಇಲ್ಲ.

ಒಂದು ಕೃತಿಯೊಳಗಿನ ಬೇರೆ ಬೇರೆ ತುಂಡುಗಳಿಗೆ ಹೇಳುವ 'ಮೂವ್‌ಮೆಂಟ್'ಗೆ ಯಾರೋ ಹಿಂದೆ 'ಚಲನೆ' ಅಂದಿದ್ದರು, ದಯವಿಟ್ಟು ಬೇಡ. 'ನಡೆ' ಚೆನ್ನಾಗಿತ್ತು, ಆದರೆ ತಿಶ್ರ ನಡೆ, ಖಂಡ ನಡೆ ಎಂದು ಕರ್ನಾಟಕ ಸಂಗೀತದವರು ಅದನ್ನು ಆಗಲೇ ಬಳಸಿಕೊಂಡಿದ್ದಾರೆ. 'ಭಾಗ' ಸಾಕು. ಬೇಥೊವನ್‌ನ ಒಂದು ಕ್ವಾರ್ಟೆಟ್‌ನಲ್ಲಿ, ಓಪಸ್ 131ರಲ್ಲಿ, ಏಳು ಭಾಗಗಳಿವೆ, ನಡುವೆ ನಿಲ್ಲಿಸುವುದೇ ಇಲ್ಲ. ಅಲ್ಲಿಯೂ 'ಭಾಗ' ಅಂದರೆ ಅರ್ಥವಾಗುತ್ತದೆ. ಕಮಾನು ಬಿಟ್ಟು ಬೆರಳಿನಿಂದ ನುಡಿಸುವ 'ಪಿಟ್ಸಿಕಾಟೋ'ಗೆ ತಲೆ ಕೆಡಿಸಿಕೊಳ್ಳಲೇ ಇಲ್ಲ. ಮೀಟುವುದು!

ಕೊನೆಯದು 'ಡಿಸ್ಸೊನೆನ್ಸ್', ಒಟ್ಟಿಗೆ ನುಡಿದಾಗ ಕಿವಿಗೆ ಒರಟಾಗಿ ಕೇಳುವ ಸ್ವರಗಳು. ಈ ಆಲ್ಬಮ್ಮಿನಲ್ಲಿ ಅದು ಜಾಸ್ತಿ. 'ಅಪಸ್ವರ' ಎಂದು ಬರೆದಿದ್ದೆ, ಗೆಳೆಯನಿಗೆ ಬೇಸರವಾಯಿತು. ಬೇಕೆಂದೇ ಇಟ್ಟದ್ದನ್ನು ತಪ್ಪು ಅನ್ನುತ್ತೀಯಲ್ಲ ಅಂದ, ನಿಜವೇ. ಈಗ 'ವಿವಾದಿ' ಎಂದು ಮಾಡಿದ್ದೇನೆ. ನಮ್ಮಲ್ಲಿ ಸ್ವರಗಳಿಗೆ ಹೇಳುವ ವಾದಿ, ಸಂವಾದಿ, ಅನುವಾದಿ, ವಿವಾದಿ ಎಲ್ಲವೂ 'ವದ್' ಎಂಬ ಸಂಸ್ಕೃತ ಮೂಲದಿಂದ, ಅಂದರೆ ಮಾತಿನಿಂದಲೇ ಹುಟ್ಟಿದವು. ನಾಲ್ವರ ಮಾತುಕತೆಯಲ್ಲಿ ಒಂದಿಷ್ಟು ವಿವಾದ ಇರಬೇಕಾದದ್ದೇ. ಆದರೆ ನಮ್ಮ ವಿವಾದಿ ಒಂದು ರಾಗಕ್ಕೆ ಹೊಂದದ ಸ್ವರ, ಅವನದು ಒಟ್ಟಿಗೇ ನುಡಿದು ಒಂದಕ್ಕೊಂದು ಉಜ್ಜುವ ಸ್ವರಗಳು. ಸಂಗೀತ ಬಲ್ಲವರು ಇದನ್ನು ಒಪ್ಪುತ್ತೀರಾ?

ಮುಂದಿನ ವಾರ ಪುಸ್ತಕ ಪ್ರೆಸ್ಸಿಗೆ ಹೋಗುತ್ತದೆ. ಈಗಿನ ಕರಡಿನ ಮೊದಲ ಸಾಲು ಹೀಗಿದೆ: 'ಇದು ಮನೆಯೊಳಗೆ ಹತ್ತಿರ ಕೂತು ಕೇಳುವ ಚಿಕ್ಕಮೇಳದ ಸಂಗೀತ.' ಧಾರವಾಡ, ಹುಬ್ಬಳ್ಳಿ, ಬೆಳಗಾವಿ ಕಡೆಯವರು ಯಾರಾದರೂ ಓದಿ, ಚಿಕ್ಕಮೇಳ ಅನ್ನುವುದು ಹಾಗೇ ಓದಿದರೆ ತಲೆಗೆ ಹೋಗುತ್ತದೆಯೋ ಇಲ್ಲವೋ ಹೇಳಿ. ಹೋಗದಿದ್ದರೆ ಬೈಠಕ್ ಎಂದೇ ಹಾಕಿ, ಗೆಳೆಯನನ್ನು ನಾನು ಸಮಾಧಾನ ಮಾಡುತ್ತೇನೆ.